ಒಳಗಿನ ಚಿಲಕ, ಆಚೆ ಚಿಲಕ

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ವಾರ ನಮ್ಮದೇ ಗುಂಪಿನ ಗೆಳೆಯರೊಬ್ಬರು ಒಂದು ಮನವಿಪತ್ರ ಕಳಿಸಿದ್ರು. ಸಿನಿಮಾಗಳಲ್ಲಿ ರಕ್ತ ಮಿತಿ ಮೀರಿದೆ, ಮನೆಗೆ ನುಗ್ಗಿ ಹೆಂಗಸರು ಮಕ್ಕಳನ್ನ ಕೊಲ್ಲೋದನ್ನ ಹತ್ತಿರದಿಂದ ತೋರಿಸ್ತಾರೆ, ಸೆನ್ಸಾರ್ ಮಂಡಳಿ ಇನ್ನೂ ಬಿಗಿಯಾಗಬೇಕು, ಎಲ್ಲರೂ ಸಹಿ ಹಾಕಿ ಅಂತ. ಅರವತ್ತು ಎಪ್ಪತ್ತು ಜನ ಹಾಕಿದ್ರು. ನಾನು ಹಾಕಲಿಲ್ಲ. "ಏನಣ್ಣಾ, ನಿಮಗೆ ಇಂಥ ಸಿನಿಮಾ ಇಷ್ಟಾನಾ?" ಅಂತ ಒಬ್ಬ ತಮ್ಮ ಕೇಳಿದ. ಅವನಿಗೆ ಎರಡು ಸಾಲು ಬರೆದೆ, ಅಳಿಸಿದೆ. ಎರಡು ಸಾಲಿನಲ್ಲಿ ಮುಗಿಯೋ ಮಾತಲ್ಲ ಅದು.

ಇಷ್ಟ ಇಲ್ಲ ಕಣಪ್ಪ. 2024ರ ಡಿಸೆಂಬರಿನಲ್ಲಿ ಬಂದ ಮಲಯಾಳಂನ 'ಮಾರ್ಕೋ' ನೋಡೋಕೆ ಕೂತಿದ್ದೆ. ಮನೆಯೊಳಗೆ ನುಗ್ಗಿ ಮಕ್ಕಳು, ಬಸುರಿ ಅನ್ನದೆ ಕೊಲ್ಲೋ ಭಾಗ ಬಂದಾಗ ಎದ್ದು ಆಚೆ ಹೋದೆ. ಮನೆಯವರು "ಇದನ್ನ ನೋಡೋಕೆ ದುಡ್ಡು ಬೇರೆ ಕೊಡ್ತಾರಾ" ಅಂದ್ರು. ನಾನು ಹಿಂಸೆಯನ್ನ ಹೊಗಳೋಕೆ ಈ ಪೋಸ್ಟ್ ಬರೀತಿಲ್ಲ. ಆದ್ರೆ ರಕ್ತ ಎಷ್ಟು ಲೀಟರ್ ಅನ್ನೋದಕ್ಕಿಂತ ಮುಂಚೆ ನಾವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಯಾರ ಮನೆ ಅದು? ನುಗ್ಗೋನು ಯಾರು? ಕ್ಯಾಮೆರಾ ಬಾಗಿಲಿನ ಯಾವ ಕಡೆ ನಿಂತಿದೆ?

ನಮ್ಮ ಕನ್ನಡದ್ದೇ ತಗೊಳ್ಳೋಣ. 'ದಂಡುಪಾಳ್ಯ'. 2012ರಲ್ಲಿ ಬಂತು, ಶ್ರೀನಿವಾಸ ರಾಜು ನಿರ್ದೇಶನ. ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ, ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ರವಿಶಂಕರ್. ನಿಜವಾಗಿ ಇದ್ದ ಗ್ಯಾಂಗ್ ಒಂದರ ಕಥೆ. ಒಂಟಿ ಹೆಂಗಸರಿರೋ ಮನೆ ನೋಡಿಕೊಳ್ಳೋದು, ಬಾಗಿಲು ತಟ್ಟಿ "ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಕೊಡಿ" ಅನ್ನೋದು, ನೀರು ತರೋಕೆ ಒಳಗೆ ತಿರುಗಿದ ಕೂಡಲೇ ನುಗ್ಗೋದು. ಸತ್ತವರು ನಿಜವಾದ ಹೆಂಗಸರು, ಅವರ ಮಕ್ಕಳು ಇವತ್ತಿಗೂ ಅಳ್ತಿರ್ತಾರೆ. ಅದನ್ನ ನಾನು ಹಗುರ ಮಾಡಲ್ಲ. ಸಿನಿಮಾ ಭಾರಿ ಓಡಿತು, ತೆಲುಗಿಗೂ ಹೋಯ್ತು. 2017ರಲ್ಲಿ ಎರಡನೇದು ಬಂತು, 2018ರಲ್ಲಿ ಮೂರನೇದು.

ಈಗ ನನ್ನ ಕಥೆ ಕೇಳಿ. ಸಿನಿಮಾ ಬಂದ ಮಾರನೇ ವರ್ಷ ನನ್ನನ್ನ ಮತದಾರರ ಪಟ್ಟಿ ಕೆಲಸಕ್ಕೆ ಹಾಕಿದ್ರು. ಗುಮಾಸ್ತರ ಹಣೆಬರಹ ಗೊತ್ತಲ್ಲ, ಆಫೀಸಿನ ಫೈಲೂ ನಮ್ಮದೇ, ಬೀದಿ ಸುತ್ತೋದೂ ನಮ್ಮದೇ. ಊರಾಚೆಯ ಹೊಸ ಬಡಾವಣೆ, ಮರ ಇಲ್ಲ, ಮಟಮಟ ಮಧ್ಯಾಹ್ನ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ರಟ್ಟಿನ ಪ್ಯಾಡು. ಒಂದು ಮನೆಯಲ್ಲಿ ಹೆಸರೆಲ್ಲ ಬರೆದುಕೊಂಡ ಮೇಲೆ "ಮೇಡಂ, ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ" ಅಂದೆ. ಅಲ್ಲಿವರೆಗೂ ಗ್ರಿಲ್ ಹತ್ತಿರ ನಿಂತು ನಗುನಗುತ್ತಾ ಮಾತಾಡ್ತಿದ್ದ ಆಯಮ್ಮ ಎರಡು ಹೆಜ್ಜೆ ಹಿಂದೆ ಹೋದ್ರು. "ತಪ್ಪು ತಿಳ್ಕೋಬೇಡಿ, ದಂಡುಪಾಳ್ಯ ನೋಡಿದ ಮೇಲೆ ನಮ್ಮ ಯಜಮಾನ್ರು ನೀರು ಕೇಳಿದವರಿಗೆ ಬಾಗಿಲು ತೆಗೀಲೇಬೇಡ ಅಂದಿದಾರೆ" ಅಂತ ಹೇಳಿ ಬಾಗಿಲು ಹಾಕಿಕೊಂಡ್ರು. ಒಳಗೆ ಚಿಲಕ ಬಿದ್ದ ಸದ್ದು ನನಗೆ ಕೇಳಿಸ್ತು.

ಅಷ್ಟರಲ್ಲಿ ಎದುರು ಸಾಲಿನ ಮನೆ ಮುಗಿಸಿಕೊಂಡು ನನ್ನ ಸಹೋದ್ಯೋಗಿ ಬಂದ್ರು. ಒಳ್ಳೆ ಮನುಷ್ಯ, ಬೆಳ್ಳಗಿದ್ದಾರೆ, ಹಣೆ ಮೇಲೆ ವಿಭೂತಿ. "ನೀರು ಕೇಳಿದ್ರಾ?" ಅಂದ್ರು. ನಾನು ಸುಮ್ಮನಿದ್ದೆ. ಅವರೇ ಹೋಗಿ ಅದೇ ಬೆಲ್ ಒತ್ತಿದ್ರು. ಅದೇ ಬಾಗಿಲು ತೆರೀತು. ಸ್ಟೀಲ್ ಚೊಂಬಿನಲ್ಲಿ ನೀರು ಬಂತು, ಜೊತೆಗೆ ಲೋಟ. ಅವರು ಕುಡಿದು ಚೊಂಬು ನನ್ನ ಕೈಗೆ ಕೊಟ್ರು. ಆಯಮ್ಮ ನನ್ನನ್ನೂ ನೋಡಿದ್ರು, ಚೊಂಬನ್ನೂ ನೋಡಿದ್ರು.

ಆಯಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಹಗಲು ಹೊತ್ತು ಒಬ್ಬರೇ ಇರೋ ಹೆಂಗಸಿಗೆ ಭಯ ಇದ್ದೇ ಇರುತ್ತೆ, ಇರಲೂಬೇಕು. ನಾನು ಕೇಳೋದು ಇಷ್ಟೇ. ಆ ಭಯಕ್ಕೆ ನನ್ನ ಮುಖ ಯಾಕೆ ಬಂತು? ಐಡಿ ಕಾರ್ಡಿಗಿಂತ ನನ್ನ ಮೈಬಣ್ಣ ಮುಂದೆ ಯಾಕೆ ಓದಿಸಿಕೊಳ್ತು?

ನೀರು ಕೇಳೋದು ನಮಗೆ ಸಣ್ಣ ವಿಷಯ ಅಲ್ಲ. ಬಾಬಾಸಾಹೇಬರು ಹುಡುಗನಾಗಿದ್ದಾಗ 1901ರಲ್ಲಿ ಅಣ್ಣನ ಜೊತೆ ಅಪ್ಪನನ್ನ ನೋಡೋಕೆ ಗೋರೆಗಾಂವಿಗೆ ಹೊರಟ ಕಥೆ ನಿಮಗೆಲ್ಲ ಗೊತ್ತು. ಮಸೂರು ಸ್ಟೇಷನ್ನಿನಲ್ಲಿ ಇಳಿದು, ಗಾಡಿ ಹಿಡಿದು, ಬುತ್ತಿ ಕೈಯಲ್ಲಿದ್ದರೂ ನೀರು ಹುಟ್ಟದೆ ಹಸಿದುಕೊಂಡೇ ರಾತ್ರಿ ಕಳೆದ ಮಕ್ಕಳು. 1927ರಲ್ಲಿ ಮಹಾಡದ ಕೆರೆಗೆ ಇಳಿದಿದ್ದೂ ಇದೇ ನೀರಿಗೆ. ನನ್ನ ತಾತ ಊರೊಳಗೆ ಬೊಗಸೆ ಒಡ್ಡಿ ನಿಲ್ಲೋನು, ಮೇಲಿಂದ ಹುಯ್ಯೋರು. ಆಗ ಕಾರಣ ಮೈಲಿಗೆ. ಈಗ ಮೈಲಿಗೆ ಅಂದ್ರೆ ಕೇಸಾಗುತ್ತೆ. ಈಗ 'ಸೇಫ್ಟಿ' ಅಂತಾರೆ. ಬಾಗಿಲು ಮಾತ್ರ ಆಗಲೂ ಮುಚ್ಚಿಕೊಳ್ತಿತ್ತು, ಈಗಲೂ ಮುಚ್ಚಿಕೊಳ್ಳುತ್ತೆ. ಸಿನಿಮಾ ಹೊಸ ಭಯವನ್ನೇನೂ ಹುಟ್ಟಿಸಲಿಲ್ಲ, ಹಳೇ ಅಸಹ್ಯಕ್ಕೆ ಹೇಳಿಕೊಳ್ಳೋಕೆ ನಾಚಿಕೆ ಆಗದ ಒಂದು ಕಾರಣ ಕೊಡ್ತು.

ಇನ್ನೂ ಒಂದು. ಹೊಸಕೋಟೆ ಹತ್ತಿರದ ಒಂದು ಊರಿನ ಹೆಸರನ್ನೇ ಸಿನಿಮಾಗೆ ಇಟ್ರು. ಆ ಊರಿನಿಂದ ಕೆಲಸ ಕೇಳಿಕೊಂಡು ಬರೋ ಹುಡುಗ ಅಪ್ಲಿಕೇಷನ್ನಿನಲ್ಲಿ ಊರು ಅನ್ನೋ ಜಾಗ ತುಂಬೋವಾಗ ಎಷ್ಟು ಸಲ ಪೆನ್ನು ಎತ್ತಬೇಕು, ಯೋಚನೆ ಮಾಡಿ. ಇದು ಬ್ರಿಟಿಷರಿಂದ ಬಂದ ಚಾಳಿ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿದ ಕೂಸಿಗೂ ಕಳ್ಳ ಅನ್ನೋ ಹಣೆಪಟ್ಟಿ ಹಚ್ಚಿತ್ತು. 1952ರಲ್ಲಿ ಕಾಯ್ದೆ ಹೋಯ್ತು. ಹಣೆಪಟ್ಟಿ ಪೊಲೀಸ್ ಸ್ಟೇಷನ್ನಿನಲ್ಲಿ ಉಳೀತು, ಸಿನಿಮಾದಲ್ಲಿ ಉಳೀತು.

ಮನೆಗೆ ನುಗ್ಗೋ ಥ್ರಿಲ್ಲರ್‌ಗಳಿಗೆ ಒಂದು ಅಚ್ಚಿದೆ. ಒಂದು ನೆಮ್ಮದಿಯ ಮನೆ, ಕಾಂಪೌಂಡು, ಒಳಗೆ ಒಳ್ಳೆ ಸಂಸಾರ. ಆಚೆ ಕತ್ತಲು. ಕತ್ತಲಿನಿಂದ ಯಾರೋ ಬರ್ತಾರೆ, ಕಾರಣವಿಲ್ಲದೆ ಬರ್ತಾರೆ. ಕ್ಯಾಮೆರಾ ಒಳಗಿರುತ್ತೆ, ಹಾಗಾಗಿ ನಾವೂ ಒಳಗೆ ಕೂತು ನಡುಗ್ತೀವಿ. ಆಸ್ಟ್ರಿಯಾದ ಮಿಖಾಯೆಲ್ ಹಾನೆಕೆ ಅನ್ನೋ ನಿರ್ದೇಶಕ 1997ರಲ್ಲಿ 'ಫನ್ನಿ ಗೇಮ್ಸ್' ಅಂತ ಒಂದು ಸಿನಿಮಾ ಮಾಡಿದ. ಗೆಳೆಯರೊಬ್ಬರು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ರು, ನೋಡಿದೆ. ಅದರಲ್ಲಿ ನುಗ್ಗೋರು ಬಿಳಿ ಬಟ್ಟೆ, ಬಿಳಿ ಗ್ಲೌಸು ಹಾಕಿದ, ತುಂಬಾ ಮರ್ಯಾದೆಯಾಗಿ ಮಾತಾಡೋ ಇಬ್ಬರು ಹುಡುಗರು. ನೀರಿನ ಬದಲು ಮೊಟ್ಟೆ ಕೇಳಿಕೊಂಡು ಬರ್ತಾರೆ. ಬಾಗಿಲು ಸಲೀಸಾಗಿ ತೆರೆಯುತ್ತೆ, ಯಾಕಂದ್ರೆ ಅವರು 'ನಮ್ಮವರ' ಥರ ಇದ್ದಾರೆ. ಕೊಲೆಗಳನ್ನ ಹಾನೆಕೆ ಹೆಚ್ಚುಪಾಲು ತೋರಿಸೋದೇ ಇಲ್ಲ. ಆದ್ರೂ ನನಗೆ ಮಾರ್ಕೋಗಿಂತ ಜಾಸ್ತಿ ಭಯ ಆಗಿದ್ದು ಅದರಲ್ಲೇ.

ಮರ್ಯಾದಸ್ಥರೂ ಮನೆಗೆ ನುಗ್ತಾರೆ. ನಮಗೆ ಇದು ಸಿನಿಮಾದಿಂದ ಗೊತ್ತಾಗಬೇಕಿಲ್ಲ.

ಕೀಳ್ವೆಣ್ಮಣಿ. 1968, ಡಿಸೆಂಬರ್ 25. ತಮಿಳುನಾಡಿನ ಆಗಿನ ತಂಜಾವೂರು ಜಿಲ್ಲೆ. ಕೂಲಿ ಜಾಸ್ತಿ ಕೇಳಿದ ದಲಿತ ಕೃಷಿಕಾರ್ಮಿಕರ ಕೇರಿಗೆ ಜಮೀನ್ದಾರರ ಕಡೆಯವರು ನುಗ್ಗಿದ್ರು. ಹೆಂಗಸರು, ಮಕ್ಕಳು, ಮುದುಕರು ರಾಮಯ್ಯನ ಗುಡಿಸಲಲ್ಲಿ ಅಡಗಿಕೊಂಡ್ರು. ಗುಡಿಸಲಿಗೆ ಬೆಂಕಿ ಹಚ್ಚಿದ್ರು. 44 ಜನ ಸುಟ್ಟು ಹೋದ್ರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತ್ತು, 1973ರಲ್ಲಿ ಮದ್ರಾಸ್ ಹೈಕೋರ್ಟು ಜಮೀನ್ದಾರರನ್ನ ಬಿಟ್ಟುಬಿಡ್ತು. ಆ ತೀರ್ಪಿನಲ್ಲಿದ್ದ ತರ್ಕ ಏನು ಗೊತ್ತಾ? ಇವರೆಲ್ಲ ದೊಡ್ಡ ಜಮೀನಿರೋ ಶ್ರೀಮಂತರು, ಕಾರು ಇಟ್ಟುಕೊಂಡೋರು, ಇಂಥವರು ತಾವೇ ನಡೆದುಕೊಂಡು ಹೋಗಿ ಮನೆಗೆ ಬೆಂಕಿ ಹಚ್ಚಿದ್ರು ಅಂದ್ರೆ ನಂಬೋದು ಕಷ್ಟ ಅಂತ.

ಇದನ್ನ ನಿಧಾನವಾಗಿ ಓದಿ. ನ್ಯಾಯಮೂರ್ತಿಗಳ ತಲೆಯಲ್ಲಿ ಮನೆ ನುಗ್ಗೋನ ಒಂದು ಚಿತ್ರ ಇತ್ತು. ಅವನಿಗೆ ಕಾರು ಇರಲ್ಲ. ಅವನು ಕಪ್ಪಗಿರ್ತಾನೆ, ಬಡವ ಆಗಿರ್ತಾನೆ, ಊರಾಚೆಯಿಂದ ಬರ್ತಾನೆ. ಸಿನಿಮಾದವರು ಪಾತ್ರಕ್ಕೆ ಮುಖ ಆರಿಸೋ ರೀತಿ ಇದೆಯಲ್ಲ, ಕೋರ್ಟಿನಲ್ಲೂ ಅದೇ ರೀತಿ ಆರಿಸಿದ್ರು. ಕಾರಿರೋನ ಮುಖ ಆ ಪಾತ್ರಕ್ಕೆ ಹೊಂದಲಿಲ್ಲ, ಬಿಟ್ಟರು. ನೀವು ಸೆನ್ಸಾರಿಗೆ ಹೇಳಿ ರಕ್ತವನ್ನೆಲ್ಲ ಒರೆಸಿ ಹಾಕಿಸಿದ್ರೂ ಈ ಚಿತ್ರ ಅಲ್ಲೇ ಇರುತ್ತೆ. ನಮ್ಮನ್ನ ಕೊಲ್ಲೋದು ಆ ಚಿತ್ರ.

ಈಗ ನಮ್ಮ ಕಡೆಗೆ ಬರ್ತೀನಿ. ಕಂಬಾಲಪಲ್ಲಿ. 2000ದ ಮಾರ್ಚ್ 11. ಚಿಂತಾಮಣಿ ತಾಲ್ಲೂಕು, ಆಗ ಕೋಲಾರ ಜಿಲ್ಲೆ. ದಲಿತರ ಮನೆಯೊಳಗೆ ಜನ ಇರೋವಾಗಲೇ ಆಚೆಯಿಂದ ಚಿಲಕ ಹಾಕಿ ಬೆಂಕಿ ಇಟ್ರು. ಏಳು ಜನ. ನಾನಾಗ ಬಿ.ಎ. ಓದ್ತಿದ್ದೆ. ಹಾಸ್ಟೆಲ್ಲಿಗೆ ಬರ್ತಿದ್ದ ಒಂದು ಪೇಪರನ್ನ ನಲವತ್ತು ಹುಡುಗರು ನಿಂತುಕೊಂಡು ಓದಿದ್ವಿ. ಯಾರೂ ಮಾತಾಡಲಿಲ್ಲ. ಆ ವಾರ ಊರಿಗೆ ಹೋದೆ. ನಮ್ಮ ಕೇರಿಯಲ್ಲೂ ಅದೇ ಮೌನ. ಅಮ್ಮ ಅಪ್ಪನ ಹತ್ತಿರ ಒಂದೇ ಮಾತು ಆಡಿದ್ಲು, "ಆ ಆಚೆ ಚಿಲಕ ಕಿತ್ತಾಕು." ಅಪ್ಪ "ಹೊಲಕ್ಕೆ ಹೋಗೋವಾಗ ಬೀಗ ಎಲ್ಲಿಗೆ ಹಾಕ್ತೀಯೇ?" ಅಂದ. "ಏನೈತೆ ಒಳಗೆ ಕದಿಯಾಕೆ? ಕಿತ್ತಾಕು." ಅಪ್ಪ ಸುತ್ತಿಗೆ ತಂದು ಕಿತ್ತ. ಆಮೇಲೆ ಎಷ್ಟೋ ವರ್ಷ ನಮ್ಮ ಮನೆ ಬಾಗಿಲಿಗೆ ಆಚೆ ಕಡೆ ನಾಲ್ಕು ಮೊಳೆ ತೂತು ಮಾತ್ರ ಇದ್ವು.

ಕಂಬಾಲಪಲ್ಲಿ ಕೇಸು ಏನಾಯ್ತು? ಸಾಕ್ಷಿಗಳು ಉಲ್ಟಾ ಹೊಡೆದ್ರು. ಯಾಕೆ ಹೊಡೆದ್ರು ಅಂತ ಕೇರಿಯಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಏಳು ಜನ ಸತ್ತಿದ್ದು ನಿಜ, ಕೊಂದವರು ಯಾರೂ ಇಲ್ಲ.

ಬಡಾವಣೆಯ ಆಯಮ್ಮನಿಗೆ ಒಳಗಿನ ಚಿಲಕ ಧೈರ್ಯ ಕೊಡ್ತಿತ್ತು. ನನ್ನ ಅಮ್ಮನಿಗೆ ಆಚೆ ಚಿಲಕ ಭಯ. ಎರಡೂ ಹೆಂಗಸರ ಭಯ ನಿಜ. ಆದ್ರೆ ಒಂದು ಭಯಕ್ಕೆ ಹಾಡು, ಹಿನ್ನೆಲೆ ಸಂಗೀತ, ಇನ್ಸ್‌ಪೆಕ್ಟರ್ ಹೀರೋ, ಭಾಗ ಎರಡು, ಭಾಗ ಮೂರು. ಇನ್ನೊಂದು ಭಯಕ್ಕೆ ನಾಲ್ಕು ಮೊಳೆ ತೂತು. ದಂಡುಪಾಳ್ಯ ಅಂದ್ರೆ ಕರ್ನಾಟಕದ ಮಕ್ಕಳಿಗೂ ಗೊತ್ತು. ಕಂಬಾಲಪಲ್ಲಿ ಅಂತ ನಿಮ್ಮ ಆಫೀಸಿನಲ್ಲಿ ನಾಳೆ ಹೇಳಿ ನೋಡಿ, ಎಷ್ಟು ಜನ ಮುಖ ಎತ್ತುತ್ತಾರೆ ಅಂತ.

ಥ್ರಿಲ್ಲರಿನಲ್ಲಿ ಕಾರಣ ಇರಲ್ಲ ಅಂದೆ. ಅದು ಮುಖ್ಯ. ಕಾರಣ ಇಲ್ಲದ ಹಿಂಸೆ ನೋಡೋಕೆ ಒಂಥರ ಆರಾಮು. ಭಯ ಆಗುತ್ತೆ, ಲೈಟ್ ಹಾಕ್ತಾರೆ, ಪಾರ್ಕಿಂಗಿಗೆ ಹೋಗ್ತೀವಿ. ನಮ್ಮ ಮನೆಗಳಿಗೆ ನುಗ್ಗಿದವರಿಗೆ ಯಾವಾಗಲೂ ಕಾರಣ ಇತ್ತು. ಕೀಳ್ವೆಣ್ಮಣಿಯಲ್ಲಿ ಕೂಲಿ. ಖೈರ್ಲಾಂಜಿಯಲ್ಲಿ, 2006ರ ಸೆಪ್ಟೆಂಬರ್ 29ರಂದು, ಭೋತ್‌ಮಾಂಗೆ ಕುಟುಂಬದ ನಾಲ್ವರನ್ನ ಮನೆಯಿಂದ ಎಳೆದು ಕೊಂದಿದ್ದು ಅವರಿಗೆ ಜಮೀನಿತ್ತು ಅಂತ, ಮಕ್ಕಳು ಓದಿದ್ರು ಅಂತ, ಸುರೇಖಾ ಭೋತ್‌ಮಾಂಗೆ ಇನ್ನೊಂದು ಹಲ್ಲೆ ಕೇಸಿನಲ್ಲಿ ಸಾಕ್ಷಿ ಹೇಳಿದ್ರು ಅಂತ. ಆ ಕೇಸಿನಲ್ಲಿ ಶಿಕ್ಷೆಯೇನೋ ಆಯ್ತು, ಆದ್ರೆ ದೌರ್ಜನ್ಯ ತಡೆ ಕಾಯ್ದೆಯಡಿ ಆಗಲಿಲ್ಲ. ಅಂದ್ರೆ ಕೊಲೆ ಒಪ್ಪಿಕೊಂಡ್ರು, ಜಾತಿ ಒಪ್ಪಿಕೊಳ್ಳಲಿಲ್ಲ. ಕಾರಣ ತೋರಿಸಿಬಿಟ್ರೆ ನೋಡೋನು ಪಾರ್ಕಿಂಗಿಗೆ ಹೋದ ಮೇಲೂ ಬಿಡಲ್ಲ, ಅವನ ಜಮೀನು, ಅವನ ಕೂಲಿ, ಅವನ ಊರು ಎಲ್ಲ ನೆನಪಾಗುತ್ತೆ. ಅದಕ್ಕೇ ಕಾರಣ ತೋರಿಸಲ್ಲ.

ತೋರಿಸಿದವರು ಇಲ್ಲ ಅಂತ ಹೇಳಲ್ಲ. ತಮಿಳಿನವರು ಕ್ಯಾಮೆರಾ ತಿರುಗಿಸಿದ್ರು. ವೆಟ್ರಿಮಾರನ್ 'ಅಸುರನ್'ನಲ್ಲಿ (2019) ಉರಿಯೋ ಗುಡಿಸಲು ತೋರಿಸಿದ್ರು. ಮಾರಿ ಸೆಲ್ವರಾಜ್ 'ಕರ್ಣನ್'ನಲ್ಲಿ (2021) ಪೊಲೀಸರು ಊರಿಗೆ ನುಗ್ಗಿ ಮನೆಮನೆ ಒಡೆಯೋದನ್ನ ಊರೊಳಗಿಂದ ತೋರಿಸಿದ್ರು. ಅದೇ ವರ್ಷದ 'ಜೈ ಭೀಮ್'ನಲ್ಲಿ ಇರುಳರ ರಾಜಾಕಣ್ಣುವನ್ನ ದೊಡ್ಡ ಮನೆಯವರೇ ಹಾವು ಹಿಡಿಯೋಕೆ ಒಳಗೆ ಕರೀತಾರೆ. ಆಮೇಲೆ ಆ ಮನೆಯಲ್ಲಿ ಒಡವೆ ಕಳುವಾದಾಗ ಒಳಗೆ ಬಂದಿದ್ದನಲ್ಲ ಅಂತ ಅವನೇ ಕಳ್ಳ ಆಗ್ತಾನೆ. ಇಲ್ಲಿ ಬಾಗಿಲು ಒದ್ದು ಬರೋನು ಖಾಕಿ ಹಾಕಿದ್ದಾನೆ. ನಾನು ಇದನ್ನ ನಮ್ಮ ಅಮ್ಮನ ಜೊತೆ ಕೂತು ನೋಡಿದೆ. ಅಮ್ಮ "ಹಿಂಗೇ ಕಣೋ" ಅಂದ್ಲು. ದಂಡುಪಾಳ್ಯ ನೋಡಿದಾಗ ಅವಳು ಏನೂ ಅಂದಿರಲಿಲ್ಲ.

ಇವುಗಳಲ್ಲೂ ಹಿಂಸೆ ಇದೆ ಸ್ವಾಮಿ. ಜೈ ಭೀಮ್‌ನ ಲಾಕಪ್ ದೃಶ್ಯಗಳನ್ನ ನೋಡೋಕೆ ಆಗಲ್ಲ. ನಿಮ್ಮ ಮನವಿಪತ್ರದ ಅಳತೆ ಹಿಡಿದ್ರೆ ಮೊದಲು ಕತ್ತರಿ ಬೀಳೋದು ಇದಕ್ಕೇ.

ಹಾಗಂತ ನಮ್ಮ ಸಾವನ್ನೆಲ್ಲ ಹತ್ತಿರದಿಂದ ತೋರಿಸಿ ಅಂತಲೂ ನಾನು ಕೇಳ್ತಿಲ್ಲ. ಈ ಅನುಮಾನ ನಮ್ಮ ಹೆಣ್ಣುಮಕ್ಕಳೇ ಎತ್ತಿದ್ದಾರೆ, ಸರಿಯಾಗೇ ಎತ್ತಿದ್ದಾರೆ. ಖೈರ್ಲಾಂಜಿಯ ಫೋಟೋಗಳನ್ನ ಇವತ್ತಿಗೂ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡೋ ನಮ್ಮವರಿದ್ದಾರೆ, ದಯವಿಟ್ಟು ನಿಲ್ಲಿಸಿ. ನಮ್ಮ ಹೆಂಗಸರ ದೇಹ ಪ್ರದರ್ಶನದ ಸಾಮಾನಲ್ಲ. ಬೆಂಕಿ ತೋರಿಸೋದಕ್ಕಿಂತ ಆಚೆ ಚಿಲಕ ಬೀಳೋ ಸದ್ದು ಕೇಳಿಸಿದ್ರೆ ಸಾಕು. ಮಾರನೇ ದಿನ ಸಾಕ್ಷಿ ಮನೆಗೆ ಬಂದು ಊರ ಗೌಡ ಕೂತುಕೊಂಡು ಕಾಫಿ ಕುಡಿಯೋದು ತೋರಿಸಿದ್ರೆ ಸಾಕು.

ಈಗ ಆ ಸೆನ್ಸಾರ್ ಮಂಡಳಿ ಬಗ್ಗೆ. ನೀವು ಯಾರ ಕೈಗೆ ಇನ್ನೂ ದೊಡ್ಡ ಕತ್ತರಿ ಕೊಡೋಕೆ ಹೊರಟಿದ್ದೀರಿ ಅಂತ ನೋಡಿ. ಮಾರ್ಕೋ ಥಿಯೇಟರಿಗೆ ಬಂತು, 'ಎ' ಸರ್ಟಿಫಿಕೇಟ್ ಹಚ್ಚಿಕೊಂಡು. 'ಅನಿಮಲ್' 2023ರಲ್ಲಿ ಬಂತು, ಅದೂ 'ಎ'. ಸರಿ, ದೊಡ್ಡವರು ನೋಡಲಿ. ಆದ್ರೆ 2025ರಲ್ಲಿ ಜ್ಯೋತಿಬಾ-ಸಾವಿತ್ರಿಬಾಯಿ ಮೇಲೆ 'ಫುಲೆ' ಸಿನಿಮಾ ಬಂದಾಗ ಏನಾಯ್ತು? ಏಪ್ರಿಲ್ 11ಕ್ಕೆ, ಫುಲೆ ಜಯಂತಿ ದಿನವೇ ಬರಬೇಕಿತ್ತು. ಬ್ರಾಹ್ಮಣ ಸಂಘಟನೆಗಳು ಆಕ್ಷೇಪ ಎತ್ತಿದ್ವು. ಮಹಾರ್, ಮಾಂಗ್, ಪೇಶ್ವಾಯಿ ಅನ್ನೋ ಥರದ ಮಾತುಗಳನ್ನೇ ತೆಗೀರಿ, ಬದಲಾಯಿಸಿ ಅಂತ ಮಂಡಳಿ ಹೇಳಿತ್ತು. ಸಿನಿಮಾ ಎರಡು ವಾರ ಹಿಂದೆ ಹೋಗಿ ಏಪ್ರಿಲ್ 25ಕ್ಕೆ ಬಂತು. ಫುಲೆ ಕಥೆಯಲ್ಲಿ ಜಾತಿ ಹೆಸರು ತೆಗೆದ್ರೆ ಉಳಿಯೋದೇನು? ಒಬ್ಬ ಮೇಷ್ಟ್ರು, ಒಬ್ಬ ಮೇಡಮ್ಮು.

ಸಂಧ್ಯಾ ಸೂರಿ ಮಾಡಿದ 'ಸಂತೋಷ್' ಇನ್ನೊಂದು. ದಲಿತ ಹುಡುಗಿಯೊಬ್ಬಳ ಕೊಲೆ, ಅದರ ತನಿಖೆಗೆ ಹೋಗೋ ಮಹಿಳಾ ಕಾನ್ಸ್‌ಟೇಬಲ್. ಬ್ರಿಟನ್ನಿನವರು ಅದನ್ನ ಆಸ್ಕರ್‌ಗೆ ಕಳಿಸಿದ್ರು. ಇಲ್ಲಿ ಪೊಲೀಸ್ ದೌರ್ಜನ್ಯ, ಜಾತಿಯ ಭಾಗಗಳಿಗೆ ಎಷ್ಟು ಕತ್ತರಿ ಕೇಳಿದ್ರು ಅಂದ್ರೆ 2025ರಲ್ಲಿ ಬಿಡುಗಡೆಯೇ ನಿಂತು ಹೋಯ್ತು.

ಲೆಕ್ಕ ಹಾಕಿ. ರಕ್ತಕ್ಕೆ 'ಎ' ಸರ್ಟಿಫಿಕೇಟ್, ಜಾತಿಗೆ ಕತ್ತರಿ. ಗುಮಾಸ್ತನಾಗಿ ಹೇಳ್ತೀನಿ, ನಿಯಮ ಬಿಗಿ ಮಾಡಿ ಅಂತ ಯಾರಾದ್ರೂ ಅರ್ಜಿ ಕೊಟ್ರೆ ಮೇಜಿನ ಆ ಕಡೆ ಕೂತೋರಿಗೆ ಖುಷಿಯೇ. ಆ ಬಿಗಿ ಯಾರ ಫೈಲಿನ ಮೇಲೆ ಬೀಳುತ್ತೆ ಅನ್ನೋದನ್ನ ಆಮೇಲೆ ಅವರೇ ತೀರ್ಮಾನ ಮಾಡ್ತಾರೆ. ದುಡ್ಡಿರೋನ ಫೈಲು ಹೇಗೋ ದಾಟುತ್ತೆ. ನಮ್ಮ ಹುಡುಗ ಸಾಲ ಮಾಡಿ ತೆಗೆದ ಸಿನಿಮಾ 'ಸಮಾಜದ ಶಾಂತಿಗೆ ಭಂಗ' ಅಂತ ನಿಲ್ಲುತ್ತೆ. ಅವತ್ತು ಅವನು ನಮ್ಮ ಮುಂದೆ ಬಂದು ನಿಂತಾಗ, ನಾವೇ ಸಹಿ ಹಾಕಿದ ಮನವಿಪತ್ರವನ್ನ ಅವನಿಗೆ ತೋರಿಸೋದಾ?

ಅದಕ್ಕೇ ನಾನು ಸಹಿ ಹಾಕಲಿಲ್ಲ. ಸಿನಿಮಾ ನಿಲ್ಲಿಸಿ ಅಂತ ಕೇಳೋ ಬದಲು ನಮಗೆ ಮಾಡೋಕೆ ಬೇರೆ ಕೆಲಸ ಇದೆ. ಒಂದು, ಮನವಿ ಕೊಡೋದೇ ಆದ್ರೆ, ಜಾತಿಯ ಮಾತು ಬಂದಲ್ಲೆಲ್ಲ ಯಾಕೆ ಕತ್ತರಿಸಿದ್ರಿ ಅಂತ ಮಂಡಳಿ ಬರೆದು ಜನರ ಮುಂದಿಡಲಿ ಅಂತ ಕೇಳೋಣ, ಅದಕ್ಕೆ ಮೊದಲ ಸಹಿ ನನ್ನದು. ಎರಡು, ಏಪ್ರಿಲ್ 14ಕ್ಕೆ ಡಿಜೆ ತರೋ ದುಡ್ಡಿನಲ್ಲಿ ಒಂದು ಪರದೆ, ಒಂದು ಪ್ರೊಜೆಕ್ಟರ್ ತಂದು ಕೇರಿಯಲ್ಲಿ ಕರ್ಣನ್ ತೋರಿಸೋಣ, ತೋರಿಸಿ ಆಮೇಲೆ ಅಲ್ಲೇ ಕೂತು ಮಾತಾಡೋಣ. ಮೂರು, ಕಥೆ ಬರೆಯೋ ನಮ್ಮ ಹುಡುಗ ಹುಡುಗಿಯರು ಬಾಗಿಲ ಈ ಕಡೆಯಿಂದ ಬರೀಲಿ. ಕನ್ನಡದ ನಿರ್ದೇಶಕರಿಗೂ ಒಂದು ಮಾತು, ನಿಮಗೆ ಮನೆ ನುಗ್ಗೋ ಕಥೆ ಬೇಕಾದ್ರೆ ಕೋರ್ಟಿನ ಫೈಲುಗಳಲ್ಲಿ ಬೇಕಾದಷ್ಟಿದೆ, ಧೈರ್ಯ ಇದ್ರೆ ಬನ್ನಿ.

ಕಡೆಯದಾಗಿ ಮನೆ ಮಾತು. ಈಗ ಸಾಲ ಮಾಡಿ ಪಟ್ಟಣದಲ್ಲಿ ಒಂದು ಚಿಕ್ಕ ಮನೆ ಕಟ್ಟಿದ್ದೀನಿ. ಅಮ್ಮ ನಮ್ಮ ಜೊತೆಗಿದ್ದಾಳೆ. ಹೋದ ತಿಂಗಳು ನನ್ನ ಮಗ, ಹತ್ತನೇ ಕ್ಲಾಸು, ಮೊಬೈಲಿನಲ್ಲಿ ಯಾವುದೋ ಮನೆ ನುಗ್ಗೋ ಥ್ರಿಲ್ಲರ್ ನೋಡಿ ರಾತ್ರಿ ನಿದ್ದೆ ಬರದೆ ಎದ್ದು ಬಂದ. "ಅಪ್ಪಾ, ಬಾಗಿಲಿಗೆ ಒಳಗಡೆ ಇನ್ನೊಂದು ಚಿಲಕ ಹಾಕಿಸು" ಅಂದ. ಪಡಸಾಲೆಯಲ್ಲಿ ಮಲಗಿದ್ದ ಅಮ್ಮ ಕಣ್ಣು ತೆರೀದೇನೇ "ಮೊದ್ಲು ಆಚೆದು ತೆಗೆಸು" ಅಂದ್ಲು.

ಅವನಿಗೆ ಅರ್ಥ ಆಗಲಿಲ್ಲ. "ಯಾಕಜ್ಜಿ?" ಅಂತ ಕೇಳಿದ. ಅಜ್ಜಿ ಮಗ್ಗುಲು ಬದಲಾಯಿಸಿದ್ಲು. ನಾನು ಅವನನ್ನ ಪಕ್ಕ ಕೂರಿಸಿಕೊಂಡು ಕಂಬಾಲಪಲ್ಲಿ ಕಥೆ ಪೂರ್ತಿ ಹೇಳಿದೆ, 2006, 2014 ಎಲ್ಲ ಸೇರಿಸಿ. ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ "ಇದನ್ನ ನಮಗ್ಯಾಕೆ ಯಾರೂ ಹೇಳಿಲ್ಲ?" ಅಂದ.

ಅವನಿಗೆ ಇಷ್ಟು ವರ್ಷ ಹೇಳದೇ ಇದ್ದವನು ನಾನೇ. ಅದಕ್ಕೆ ಈ ಪೋಸ್ಟ್. ನಿಮ್ಮ ಮನೆಯ, ನಿಮ್ಮ ಕೇರಿಯ ಬಾಗಿಲ ಕಥೆ ಏನಿದೆಯೋ ಕೆಳಗೆ ಬರೀರಿ. ಹೆಸರು ಹಾಕೋಕೆ ಭಯ ಇದ್ರೆ ಹೆಸರು ಬೇಡ, ಊರು ಬೇಡ. ಕಥೆ ಬರೀರಿ. ಮಕ್ಕಳು ಓದ್ತಾರೆ.

ಜೈ ಭೀಮ್.